ಬಿಡ್ತು ಅನ್ನು

ದೊಡ್ಡಬಳ್ಳಾಪುರದ ಕಲ್ಯಾಣ ಮಂಟಪವೊಂದರಲ್ಲಿ ನಮ್ಮ ದೊಡ್ಡಮ್ಮನ ಮೊಮ್ಮಗಳ ಆರತಕ್ಷತೆ. ವೇದಿಕೆಯ ಪಕ್ಕ ಆಳೆತ್ತರದ ಎಲ್‌ಇಡಿ ಪರದೆ ನಿಲ್ಲಿಸಿದ್ದರು. ಮದುವೆಗೆ ಮೊದಲು ದೇವನಹಳ್ಳಿ ಕೋಟೆಯಲ್ಲಿ ತೆಗೆಸಿಕೊಂಡಿದ್ದ ಫೋಟೋಗಳು ಅದರಲ್ಲಿ ಒಂದಾದ ಮೇಲೊಂದು ಬರುತ್ತಿದ್ದವು. ಒಂದು ಫೋಟೋದಲ್ಲಿ ಹುಡುಗಿ ಕೋಟೆಯ ಕಲ್ಲುಗೋಡೆಗೆ ಒರಗಿ, ಕತ್ತು ಕೊಂಚ ವಾಲಿಸಿ, ಯಾರೋ ಕರೆದಂತೆ ತಿರುಗಿ ನೋಡುತ್ತಿದ್ದಾಳೆ. ಕೆಳಗೆ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರಗಳು: ‘ಡ್ರಾಪ್-ಡೆಡ್ ಗಾರ್ಜಿಯಸ್’.

ದೊಡ್ಡಮ್ಮ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತು ದಾಟಿದ ಜೀವ. ಮಗ್ಗದ ಮನೆಯಲ್ಲಿ ಹುಟ್ಟಿ, ಮಗ್ಗದ ಮನೆಗೇ ಸೊಸೆಯಾಗಿ ಬಂದು, ಐವತ್ತು ವರ್ಷ ಕಂಡಿಕೆ ಸುತ್ತಿದ ಕೈ ಅವರದು. ‘ಅದೇನಪ್ಪಾ ಬರ್ದವ್ರೆ, ನಮ್ಮ ಕೂಸಿನ ಕೆಳ್ಗೆ?’ ಅಂದರು. ಕೂಡಲೇ ಒಳ್ಳೆಯ ಕನ್ನಡ ಹೊಳೆಯಲಿಲ್ಲ. ‘ನೋಡಿದೋರು ಅಲ್ಲೇ ಸತ್ತು ಬೀಳ್ಬೇಕು, ಅಷ್ಟು ಚೆನ್ನಾಗಿದಾಳೆ ಅಂತ ದೊಡ್ಡಮ್ಮ’ ಎಂದು ಇದ್ದುದನ್ನು ಇದ್ದ ಹಾಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. ‘ಮದ್ವೆ ಮನೇಲಿ ಸಾಯೋ ಮಾತಾ? ಬುಡ್ತು ಅನ್ನು.’ ಬಿಡ್ತು ಅಂದೆ. ಸಾಲದೆಂದು ಇನ್ನೊಂದು ಸಲ ಅನ್ನಿಸಿದರು.

ನಮ್ಮಲ್ಲಿ ಬಾಯಿಂದ ಬಿದ್ದ ಅಶುಭವನ್ನು ಬಾಯಿಂದಲೇ ಹಿಂದಕ್ಕೆ ತೆಗೆದುಕೊಳ್ಳಲು ಇರುವ ಪದ ಅದು. ಮಾತಿಗೆ ತೂಕವಿದೆ, ಆಡಿದ ಮಾತು ಎಲ್ಲೋ ಹೋಗಿ ತಾಗುತ್ತದೆ ಎಂದು ನಂಬಿದವರಿಗೆ ಮಾತ್ರ ಇಂಥ ಪದ ಬೇಕಾಗುತ್ತದೆ. ಆ ಇಂಗ್ಲಿಷ್ ಪದವನ್ನು ನಾನೂ ನೂರಾರು ಸಲ ಕೇಳಿದ್ದೇನೆ, ಓದಿದ್ದೇನೆ. ಅದರೊಳಗೆ ಒಂದು ಹೆಣ ಬಿದ್ದಿದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ದೊಡ್ಡಮ್ಮನಿಗೆ ಮೊದಲ ಸಲಕ್ಕೇ ಕಾಣಿಸಿತು.

ಆ ಹೆಣ ಅಲ್ಲಿಗೆ ಬಂದದ್ದು ಹೇಗೆ ಎಂದು ಹುಡುಕಿಕೊಂಡು ಹೋದರೆ ಅದರ ಹುಟ್ಟು ಬೈಗುಳದಲ್ಲಿದೆ. ‘ಡ್ರಾಪ್ ಡೆಡ್’ ಎಂಬುದು 1930ರ ದಶಕದ ಅಮೆರಿಕದ ಬೀದಿಮಾತು. ನಮ್ಮ ‘ಹಾಳಾಗಿ ಹೋಗು’, ‘ನೆಗೆದುಬೀಳು’ಗಳ ಓರಗೆಯದು. ಕೇಳಿದ್ದನ್ನು ಕೊಡುವುದಿಲ್ಲ, ಎದುರಿಗೆ ನಿಲ್ಲಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವ ಮಾತು. ಅದರ ಅತ್ಯಂತ ಪ್ರಸಿದ್ಧ ಬಳಕೆ 1975ರ ಅಕ್ಟೋಬರ್ 30ರದು. ನ್ಯೂಯಾರ್ಕ್ ನಗರಾಡಳಿತ ಆಗ ದಿವಾಳಿಯ ಅಂಚಿಗೆ ಬಂದಿತ್ತು. ಕೇಂದ್ರ ಸರ್ಕಾರದ ಹಣದಿಂದ ನಗರವನ್ನು ಉಳಿಸುವ ಯಾವುದೇ ಮಸೂದೆ ಬಂದರೂ ತಡೆಯುತ್ತೇನೆಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಹಿಂದಿನ ದಿನ ಭಾಷಣ ಮಾಡಿದ್ದರು. ‘ಡೈಲಿ ನ್ಯೂಸ್’ ಪತ್ರಿಕೆ ಮುಖಪುಟದಲ್ಲಿ ಆಳುದ್ದದ ಅಕ್ಷರಗಳಲ್ಲಿ, ಫೋರ್ಡ್ ನಗರಕ್ಕೆ ‘ಡ್ರಾಪ್ ಡೆಡ್’ ಅಂದರು ಎಂದು ಅಚ್ಚು ಹಾಕಿತು. ಫೋರ್ಡ್ ಆ ಎರಡು ಪದಗಳನ್ನು ಆಡಿರಲೇ ಇಲ್ಲ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಅವೇ.

ಇದೇ ಬೈಗುಳ ಅದೇ ನ್ಯೂಯಾರ್ಕಿನ ಫ್ಯಾಷನ್ ಬರಹಗಾರರ ಕೈಯಲ್ಲಿ ಅದಕ್ಕಿಂತ ಮೊದಲೇ, 1960ರ ದಶಕದಲ್ಲೇ ವೇಷ ಬದಲಿಸಿತ್ತು. ಒಂದು ಉಡುಪು ನೋಡಿದವರ ಉಸಿರು ನಿಲ್ಲುವಂತಿದ್ದರೆ ಅದು ‘ಡ್ರಾಪ್-ಡೆಡ್’ ಉಡುಪು. ಕ್ರಿಯಾಪದವಾಗಿದ್ದ ಶಾಪ ನಡುವೆ ಒಂದು ಗೆರೆ ಎಳೆಸಿಕೊಂಡು ವಿಶೇಷಣವಾಯಿತು. ಮೊದಲು ಬಟ್ಟೆಯನ್ನು ಹೊಗಳಿತು, ಬಳಿಕ ಬಟ್ಟೆಯುಟ್ಟವಳನ್ನು ಹೊಗಳಿತು. ‘ಗಾರ್ಜಿಯಸ್’ ಜೊತೆಗೂಡಿ ಇವತ್ತಿನ ಜೋಡಿಪದವಾಯಿತು. 1999ರಲ್ಲಿ ಸೌಂದರ್ಯ ಸ್ಪರ್ಧೆಗಳ ಬಗ್ಗೆ ಅದೇ ಹೆಸರಿನ ಸಿನಿಮಾ ಬರುವ ಹೊತ್ತಿಗೆ ಅದು ಎಲ್ಲರ ಬಾಯಲ್ಲಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವವರಿಗೆ ಅದರ ಇನ್ನೊಂದು ಕವಲೂ ಗೊತ್ತಿರುತ್ತದೆ. ಕೆಲಸ ಮುಗಿಸಲೇಬೇಕಾದ, ಇನ್ನು ಮುಂದೂಡಲಾಗದ ಕೊನೆಯ ದಿನಕ್ಕೆ ‘ಡ್ರಾಪ್-ಡೆಡ್ ಡೇಟ್’ ಎನ್ನುತ್ತಾರೆ.

ಇನ್ನು ‘ಗಾರ್ಜಿಯಸ್’. ಅದು ಹಳೆಯ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದಕ್ಕೆ ಸೊಗಸುಗಾರ, ಒಪ್ಪವಾಗಿ ಉಟ್ಟವನು ಎಂಬ ಅರ್ಥವಿತ್ತು. ಗಂಟಲು, ಕೊರಳು ಎಂಬ ಅರ್ಥದ ‘ಗೋರ್ಜ್’ನಿಂದ, ಅಂದರೆ ಕೊರಳಿಗೆ ಹಾಕಿಕೊಳ್ಳುತ್ತಿದ್ದ ನೆರಿಗೆಪಟ್ಟಿಯಿಂದ ಅದು ಹುಟ್ಟಿರಬೇಕೆಂದು ಹಲವು ನಿಘಂಟುಕಾರರ ಊಹೆ. ನನಗೆ ಈ ಊಹೆ ಇಷ್ಟ. ಅಡ್ಡಿಕೆ, ಕಾಸಿನಸರ, ಹೂವಿನಹಾರ ಎಲ್ಲವೂ ಒಂದೇ ಕೊರಳಿಗೆ ಬಂದು ಕೂರುವ ಮದುವೆಯ ದಿನಕ್ಕೆ ಕೊರಳಿನಿಂದ ಹುಟ್ಟಿದ ಹೊಗಳಿಕೆ ಒಪ್ಪುತ್ತದೆ.

ಹಾಗಾದರೆ ಆ ಜೋಡಿಪದದಲ್ಲಿ ಎರಡನೆಯ ಪದ ಹುಡುಗಿಯ ಬಗ್ಗೆ ಹೇಳುತ್ತದೆ, ಮೊದಲನೆಯದು ನೋಡಿದವರ ಬಗ್ಗೆ. ಈ ಬಗೆಯ ಪದಗಳು ಇಂಗ್ಲಿಷಿನಲ್ಲಿ ಒಂದೆರಡಲ್ಲ. ಐ-ಕ್ಯಾಚಿಂಗ್ ಅಂದರೆ ನೋಡಿದವರ ಕಣ್ಣನ್ನು ಹಿಡಿದದ್ದು, ಜಾ-ಡ್ರಾಪಿಂಗ್ ಅಂದರೆ ನೋಡಿದವರ ದವಡೆ ಬೀಳಿಸಿದ್ದು. ‘ಸ್ಟನ್ನಿಂಗ್’ ಎಂಬ ಸವೆದ ಪದದ ಬುಡದಲ್ಲಿ ಗುಡುಗು ಎಂಬ ಅರ್ಥದ ಲ್ಯಾಟಿನ್ ಪದವಿದೆ. ಗುಡುಗು ಬಡಿದವನಂತೆ ನಿಂತವನ ಸ್ಥಿತಿಯನ್ನು ಅದು ಹೇಳುತ್ತದೆ. 1933ರಲ್ಲಿ ಜೀನ್ ಹಾರ್ಲೊ ನಟಿಸಿದ ಸಿನಿಮಾಕ್ಕೆ ‘ಬಾಂಬ್‌ಶೆಲ್’ ಎಂದೇ ಹೆಸರಿಟ್ಟರು. ಚೆಲುವೆ ಎದುರಿಗೆ ಬಂದರೆ ಕಣ್ಣು, ದವಡೆ, ಕಿವಿ, ಕೊನೆಗೆ ಪ್ರಾಣ ಎಲ್ಲಕ್ಕೂ ಏಟು.

ಕನ್ನಡ ಇದಕ್ಕಿಂತ ಸೌಮ್ಯವಾಗಿದೆ ಎಂದುಕೊಂಡು ನಮ್ಮ ಪದಗಳನ್ನು ಬಿಡಿಸಿ ನೋಡತೊಡಗಿದೆ. ಮಗ್ಗದ ಊರಿನಲ್ಲಿ ಪದ ಬಿಡಿಸುವುದಕ್ಕೆ ಬೇರೆ ಉಪಮೆ ಬೇಡ. ಹಾಸಿನ ಎಳೆ ಯಾವುದು, ಹೊಕ್ಕಿನ ಎಳೆ ಯಾವುದು ಎಂದು ನೋಡುವುದೇ ಅಲ್ಲಿಯೂ ಕೆಲಸ. ‘ಹಾಸುಹೊಕ್ಕು’ ಎಂಬುದೇ ಒಂದು ಸಮಾಸಪದ. ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹೆಸರುಗಳೂ ಸಮಾಸಗಳೇ. ಹೊಸತಾದ ಕೋಟೆ ಹೊಸಕೋಟೆ, ದೊಡ್ಡದಾದ ಬಳ್ಳಾಪುರ ದೊಡ್ಡಬಳ್ಳಾಪುರ, ಇವೆರಡು ಕರ್ಮಧಾರಯ. ದೇವನ ಹಳ್ಳಿ ದೇವನಹಳ್ಳಿ, ತತ್ಪುರುಷ. ನೆಲಮಂಗಲದಲ್ಲಿ ಕನ್ನಡದ ನೆಲಕ್ಕೆ ಸಂಸ್ಕೃತದ ಮಂಗಲ ಅಂಟಿಕೊಂಡಿದೆ. ಹೀಗೆ ಎರಡು ಭಾಷೆಯ ಪದಗಳನ್ನು ಬೆಸೆಯುವುದಕ್ಕೆ ವ್ಯಾಕರಣಕಾರರು ಅರಿಸಮಾಸ ಎಂದರು. ‘ಅರಿ’ ಎಂದರೆ ಶತ್ರು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಇದನ್ನು ಕಾದ ಹಾಲಿಗೆ ಮಜ್ಜಿಗೆಯ ಹನಿ ಬಿದ್ದ ಹಾಗೆ ಎಂದು ಬೇಸರಪಟ್ಟಿತು. ಹಾಲು ಒಡೆಯುತ್ತದಲ್ಲ, ಹಾಗೆ. ಹದಿಮೂರನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಬಿರುದುಗಳಿಗೆ ವಿನಾಯಿತಿ ಕೊಟ್ಟ. ನಟಿ ಕಲ್ಪನಾ ಅವರಿಗೆ ಜನ ‘ಮಿನುಗುತಾರೆ’ ಎಂದು ಬಿರುದು ಕೊಟ್ಟಾಗ ಕನ್ನಡದ ಮಿನುಗಿಗೆ ಸಂಸ್ಕೃತದ ತಾರೆಯನ್ನು ಸೇರಿಸಿದ್ದರು. ಹಾಲೇನೂ ಒಡೆಯಲಿಲ್ಲ.

ಪತ್ರಿಕೆಗಳಲ್ಲಿ ನಾವು ದಿನಾ ಬರೆಯುವ ‘ಮನಮೋಹಕ’ವೂ ಕಟ್ಟುನಿಟ್ಟಿನವರ ಕಣ್ಣಿಗೆ ಅಂಥ ಮಿಶ್ರಣವೇ. ನನಗೆ ಬೇಕಾದದ್ದು ಅದರ ಒಳಗಿನ ‘ಮೋಹ’. ಅದರ ಧಾತುವಿನ ಅರ್ಥ ದಿಕ್ಕುತಪ್ಪುವುದು, ಅರಿವು ಮಸುಕಾಗುವುದು. ‘ಮೂಢ’ ಹುಟ್ಟಿದ್ದು ಅದೇ ಧಾತುವಿನಿಂದ, ‘ಮುಗ್ಧ’ ಹುಟ್ಟಿದ್ದೂ ಅದರಿಂದಲೇ. ಹಾಗಾಗಿ ‘ಮನಮೋಹಕ’ ಎಂದಾಗ ನಾವು ಹೇಳುತ್ತಿರುವುದು, ನೋಡಿದವನ ಮನಸ್ಸಿಗೆ ಮಂಕು ಕವಿಯಿತು ಎಂದು. ‘ಮನೋಹರ’ದ ‘ಹರ’ ಎಂದರೆ ಅಪಹರಿಸುವುದು. ಇದು ಕಳವಿನ ದೂರು. ‘ಮನಸೂರೆಗೊಂಡ’ ಎಂಬಲ್ಲಿ ಸೂರೆಯಿದೆ. ಗೆದ್ದ ಸೈನ್ಯ ಸೋತ ಊರಿಗೆ ನುಗ್ಗಿ ದೋಚುತ್ತಿತ್ತಲ್ಲ, ಆ ಸೂರೆ. ಹಗಲು ದರೋಡೆಗೂ ನಾವು ಹೊಗಳಿಕೆಯ ಪಟ್ಟ ಕಟ್ಟಿದ್ದೇವೆ. ‘ಮನಸೋತ’ ಎಂದರೆ ಸೋಲು, ‘ಮಾರುಹೋದ’ ಎಂದರೆ ತನ್ನನ್ನೇ ಮಾರಿಕೊಂಡ. ‘ಗರಬಡಿದವನಂತೆ ನಿಂತ’ ಎಂಬಲ್ಲಿನ ಗರ ಸಂಸ್ಕೃತದ ಗ್ರಹ. ದೆವ್ವ ಹೊಕ್ಕಂತೆ ಎಂದರ್ಥ. ಇಂಗ್ಲಿಷಿನವರು ಗುಡುಗಿಗೆ ಕೊಟ್ಟ ಕೆಲಸವನ್ನು ನಾವು ಗ್ರಹಕ್ಕೆ ಕೊಟ್ಟೆವು. ಸೌಮ್ಯ ಎಂದುಕೊಂಡದ್ದು ಸುಳ್ಳಾಯಿತು.

ಈ ಪದಗಳ ಕಟ್ಟೋಣದಲ್ಲೊಂದು ಸೊಗಸಿದೆ. ಇವುಗಳಲ್ಲಿ ಬಹುಪಾಲು ಶಾಲೆಯಲ್ಲಿ ಕ್ರಿಯಾಸಮಾಸ ಎಂದು ಓದಿದವು: ಮೊದಲು ಒಂದು ನಾಮಪದ, ಅದರ ಬೆನ್ನಿಗೆ ಕ್ರಿಯಾಪದ. ಕಣ್ಸೆಳೆ, ಮನಸೋಲು, ಮೈಮರೆ. ನೋಡಿದವನ ಕಣ್ಣು, ಮನಸ್ಸು, ಮೈ ಒಂದೊಂದಾಗಿ ಅವನ ಹಿಡಿತ ತಪ್ಪುತ್ತ ಹೋಗುವುದನ್ನು ಈ ಮೂರು ಪದಗಳಲ್ಲೇ ಕಾಣಬಹುದು. ನಾಲ್ಕನೆಯದು ‘ಕೈಹಿಡಿ’. ಅಲ್ಲಿಗೆ ಮದುವೆ.

ಸೆಳೆತದ ವಿಷಯಕ್ಕೆ ಬಂದರೆ, ‘ಆಕರ್ಷಕ’ ಮತ್ತು ‘ಅಟ್ರ್ಯಾಕ್ಟಿವ್’ ಎರಡೂ ಎಳೆಯುವ ಅರ್ಥದ ಪದಗಳಿಂದಲೇ ಬಂದವು. ನಮ್ಮ ಆಕರ್ಷಣೆಯ ಧಾತು ‘ಕೃಷ್’. ಎಳೆ ಎಂದೂ ಹೌದು, ಉಳು ಎಂದೂ ಹೌದು. ಕೃಷಿ ಹುಟ್ಟಿದ್ದು ಅದರಿಂದಲೇ. ಅತ್ತ ಅಟ್ರ್ಯಾಕ್ಟಿವ್‌ನ ಬೇರು ಲ್ಯಾಟಿನ್ನಿನ ಎಳೆಯುವ ಪದ; ಟ್ರ್ಯಾಕ್ಟರ್ ಅದರ ಒಡಹುಟ್ಟು. ದೇವನಹಳ್ಳಿಯ ಕಡೆ ವಿಮಾನ ನಿಲ್ದಾಣದ ಬೇಲಿಯಾಚೆಗೆ ಉಳಿದಿರುವ ಹೊಲದಲ್ಲಿ ಟ್ರ್ಯಾಕ್ಟರ್ ಉಳುತ್ತಿದ್ದರೆ, ಅಲ್ಲಿ ಎರಡು ಭಾಷೆಗಳ ಪ್ರೇಮದ ಪದಗಳು ಒಂದೇ ಸಾಲಿನಲ್ಲಿ ಸಾಗುತ್ತಿವೆ. ಎಳೆಯುವ ನೇಗಿಲು, ಸೀಳುವ ನೆಲ, ಬೀಳುವ ಬೀಜ. ಸೂರೆ, ಕಳವು, ಗ್ರಹಗಳ ಸಾಲಿನಲ್ಲಿ ಇದೊಂದು ಪದ ನನಗೆ ಬೇರೆಯಾಗಿ ಕಾಣುತ್ತದೆ. ಇದರಲ್ಲಿ ಎಳೆತವಿದೆ, ಆದರೆ ಯಾರೂ ಸೋಲುವುದಿಲ್ಲ.

ಸಾವಿಗೇ ಮರಳೋಣ. ದೊಡ್ಡಮ್ಮ ಮದುವೆಮನೆಯಿಂದ ಹೊರಗಟ್ಟಿದ ಸಾವು ನಮ್ಮ ಕಾವ್ಯಶಾಸ್ತ್ರದಲ್ಲಿ ಶೃಂಗಾರದ ಅಂಗಳದಲ್ಲೇ ಕೂತಿದೆ. ಮನ್ಮಥನ ಬಾಣ ತಾಗಿದವರಿಗೆ ಹತ್ತು ಅವಸ್ಥೆಗಳು ಎಂದರು: ಅಭಿಲಾಷೆ, ಚಿಂತೆ, ಸ್ಮರಣೆ, ಗುಣಕಥನ, ಉದ್ವೇಗ, ಪ್ರಲಾಪ, ಉನ್ಮಾದ, ವ್ಯಾಧಿ, ಜಡತೆ, ಹತ್ತನೆಯದು ಮರಣ. ನ್ಯೂಯಾರ್ಕಿನ ಫ್ಯಾಷನ್ ಬರಹಗಾರ ಮೊದಲನೆಯ ಮೆಟ್ಟಿಲಿನಿಂದ ಹತ್ತನೆಯದಕ್ಕೆ ಒಂದೇ ನೆಗೆತ ನೆಗೆದ. ನಮ್ಮವರು ಒಂಬತ್ತರಲ್ಲಿ ಕವಿಯ ಕೈ ಹಿಡಿದು ನಿಲ್ಲಿಸಿದರು. ಮರಣವನ್ನು ಲೆಕ್ಕಕ್ಕೆ ಹೇಳಬೇಕು, ನೇರ ವರ್ಣಿಸಬಾರದು. ವರ್ಣಿಸಿದರೆ ರಸ ಕೆಡುತ್ತದೆ ಎಂದರು. ದೊಡ್ಡಮ್ಮನ ‘ಬಿಡ್ತು ಅನ್ನು’ ಎಂಬುದೂ ಅದೇ ಔಚಿತ್ಯದ ಮಾತು.

ಆ ಗೆರೆ ದಾಟಿದವನು ಜನ್ನ. ಅವನು 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯ ರಾಣಿ ಅಮೃತಮತಿ ಒಂದು ರಾತ್ರಿ ಅರಮನೆಯಲ್ಲಿ ಮಲಗಿದ್ದಾಗ ಆನೆಲಾಯದ ಕಡೆಯಿಂದ ಒಂದು ಹಾಡು ಕೇಳಿಬರುತ್ತದೆ. ಹಾಡಿದವನ ಮುಖವನ್ನು ಅವಳು ಕಂಡೇ ಇಲ್ಲ. ಕೇಳಿದಷ್ಟಕ್ಕೇ ಮನಸೋತಳು. ಸಖಿ ಹೋಗಿ ನೋಡಿ ಬಂದು, ಆ ಮಾವುತನಷ್ಟು ಕುರೂಪಿಯನ್ನು ಕಂಡಿಲ್ಲವೆಂದು ಅಂಗಾಂಗವಾಗಿ ವಿವರಿಸುತ್ತಾಳೆ. ರಾಣಿ ಹಿಂದೆ ಸರಿಯುವುದಿಲ್ಲ. ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಕಣ್ಣಿಗೆ ಏನೂ ಇಲ್ಲದ ಸೆಳೆತ ಇದು, ಬರೀ ಕಿವಿಯದು. ಇಂಗ್ಲಿಷಿನ ‘ಚಾರ್ಮ್’ ಬಂದದ್ದು ಹಾಡು, ಮಂತ್ರ ಎಂಬ ಎರಡೂ ಅರ್ಥವಿದ್ದ ಲ್ಯಾಟಿನ್ ಪದದಿಂದ. ‘ಎನ್‌ಚಾಂಟಿಂಗ್’ ಬಂದದ್ದೂ ಹಾಡುವ ಕ್ರಿಯೆಯಿಂದಲೇ. ನಾವು ಇದನ್ನೇ ‘ಮಂತ್ರಮುಗ್ಧ’ ಎಂದೆವು. ಈ ಪದಗಳ ಅರ್ಥವನ್ನು ಕಥೆಯಾಗಿ ನಡೆಸಿ ತೋರಿಸಿದ ಕೃತಿ ಜನ್ನನದಕ್ಕಿಂತ ಬೇರೆ ಯಾವುದೂ ನನಗೆ ಗೊತ್ತಿಲ್ಲ. ಇಲ್ಲಿ ಹೆಣಗಳು ನಿಜವಾಗಿಯೂ ಬಿದ್ದವು. ಬಿದ್ದವರು ಮಾತ್ರ ಚೆಲುವಿಗೆ ಸೋತವರಲ್ಲ, ನಡುವೆ ಇದ್ದವರು.

ಹೀಗೆ ಬಿಡಿಸುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ಕವಿಗಳ ಪದ, ಪತ್ರಿಕೆಯ ಪದ, ಸಿನಿಮಾದ ಪದ ಎಲ್ಲದರಲ್ಲೂ ಏಟು ತಿಂದವನು ನೋಡಿದವನು, ಹೊಡೆದವಳು ಹುಡುಗಿ. ಅವಳು ಕದ್ದಳು, ಸೂರೆ ಮಾಡಿದಳು, ಕೊಂದಳು. ಅವಳು ಮಾಡಿದ್ದಾದರೂ ಏನು? ಕೋಟೆಯ ಗೋಡೆಗೆ ಒರಗಿ ತಿರುಗಿ ನೋಡಿದಳು, ಅಷ್ಟೆ. ಎಷ್ಟೋ ಸಲ ಅದನ್ನೂ ಮಾಡಿರುವುದಿಲ್ಲ; ಬಸ್ಸಿಗೆ ಕಾದು ನಿಂತಿರುತ್ತಾಳೆ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಯ ಹಿಂದೆ ಬಿದ್ದು ಪೀಡಿಸುವ ಹುಡುಗ ‘ಅವಳೇ ನನ್ನ ಮನಸ್ಸು ಕದ್ದಳು’ ಎಂದು ಹೇಳುವಾಗ ಆ ನೆಪವನ್ನು ಅವನ ಕೈಗಿಟ್ಟದ್ದು ಭಾಷೆ. ನೂರಾರು ವರ್ಷ ಚೆಂದಕ್ಕೆಂದು ಆಡಿದ ಮಾತು ಹೀಗೆ ಯಾರದೋ ಬೆನ್ನಿಗೆ ಹೊರೆಯಾಗುತ್ತದೆ. ಪದಗಳ ಮೂಲ ಹುಡುಕುವುದು ಪಾಂಡಿತ್ಯದ ಹವ್ಯಾಸ ಎಂದುಕೊಳ್ಳುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ‘ಕಸ್ತೂರಿ’ಯಲ್ಲಿ ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’, ‘ಪ್ರಜಾವಾಣಿ’ಯಲ್ಲಿ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಓದಿ ಬೆಳೆದ ನಮಗೆ ಅವರು ಕಲಿಸಿದ್ದು, ದಿನಬಳಕೆಯ ಪದವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದನ್ನು.

ಮನೆಮಾತಿನಲ್ಲಿ ಬೇರೆಯೇ ಬಗೆಯ ಪದಗಳಿವೆ. ನಮ್ಮ ಕಡೆ ಹೆಣ್ಣು ನೋಡಿ ಬಂದವರು ಮನೋಹರವಾಗಿದ್ದಾಳೆ ಎನ್ನುವುದಿಲ್ಲ. ‘ಲಕ್ಷಣವಾಗವ್ಳೆ’ ಎನ್ನು‌ತ್ತಾರೆ. ‘ಮುಖದಾಗೆ ಕಳೆ ಐತೆ’ ಎನ್ನುತ್ತಾರೆ. ಕಳೆ ಎಂದರೆ ಚಂದ್ರನ ಕಲೆ, ಒಂದೊಂದೇ ದಿನಕ್ಕೆ ಹೆಚ್ಚುವ ಆ ಬೆಳಕು. ‘ಚೆಂದುಳ್ಳಿ’ ಎಂಬ ಪದ ನೋಡಿ: ಚೆಂದ ಉಳ್ಳವಳು. ‘ಉಳ್ಳ’ ಎಂದರೆ ಹೊಂದಿರುವ, ತನ್ನದಾಗಿರುವ. ಹೊಲ ಉಳ್ಳವನು, ಮನೆ ಉಳ್ಳವನು ಎನ್ನುವ ಹಾಗೆ ಚೆಂದ ಉಳ್ಳವಳು. ಆ ಚೆಂದದ ಖಾತೆ ಅವಳ ಹೆಸರಿನಲ್ಲೇ ಇದೆ. ನೋಡುವವನು ಇದ್ದರೂ ಅದು ಅವಳದು, ಇಲ್ಲದಿದ್ದರೂ ಅವಳದು. ಬಟ್ಟಲಿನಂಥ ಕಣ್ಣು ಬಟ್ಟಲುಗಣ್ಣು, ಕೆಂಪಾದ ತುಟಿ ಕೆಂದುಟಿ. ಇನ್ನು ‘ಮುಗುಳುನಗೆ’. ಮುಗುಳು ಎಂದರೆ ಮೊಗ್ಗು. ಇನ್ನೂ ಅರಳದ, ಅರಳಲಿರುವ ನಗೆ. ಒಂದೇ ಪದದಲ್ಲಿ ಆ ಕ್ಷಣವನ್ನೂ ಅದರ ಮುಂದಿನ ಕ್ಷಣವನ್ನೂ ಹಿಡಿದಿರುವ ಜೋಡಿಪದ ಇದು. ಇದಕ್ಕೆ ಸಮನಾದ ಒಂದು ಪದವನ್ನು ಇಂಗ್ಲಿಷಿನಲ್ಲಿ ನಾನು ಇನ್ನೂ ಕಂಡಿಲ್ಲ.

‘ಸೊಬಗು’ ಇನ್ನೂ ಆಳದ್ದು. ಅದು ಸಂಸ್ಕೃತದ ‘ಸುಭಗ’ದ ತದ್ಭವ. ಒಳ್ಳೆಯ ಭಾಗ್ಯ ಉಳ್ಳ, ಅದರಿಂದಾಗಿ ಒಲವಿಗೆ ಪಾತ್ರವಾದ ಎಂದು ಮೂಲದ ಅರ್ಥ. ಮದುವೆಮನೆಯಲ್ಲಿ ಹೆಂಗಸರು ಹಾಡುವ ಸೋಬಾನೆಯ ಹೆಸರು ಬಂದದ್ದು ‘ಶೋಭನ’ದಿಂದ, ಅಂದರೆ ಶುಭ, ಹೊಳಪು. ಚೆಲುವು, ಭಾಗ್ಯ, ಶುಭ ಈ ಮೂರನ್ನೂ ಒಂದೇ ತಟ್ಟೆಯಲ್ಲಿ ಇಟ್ಟುಕೊಂಡು ಬೆಳೆದ ಭಾಷೆ ಇದು. ಅದರಲ್ಲಿ ಮಾತು ಕಲಿತ ದೊಡ್ಡಮ್ಮನಿಗೆ ಮೊಮ್ಮಗಳ ಚೆಲುವಿನ ಪಕ್ಕ ಸಾವನ್ನು ಕೂರಿಸಿದ್ದು ತಪ್ಪು ತಟ್ಟೆಗೆ ತಪ್ಪು ವಸ್ತು ಬಡಿಸಿದ ಹಾಗೆ ಕಂಡಿರಬೇಕು.

ಗಂಡಿನ ವಿಷಯಕ್ಕೆ ಬಂದರೆ ಇಂಗ್ಲಿಷಿನದೂ ಒಂದು ಒಳ್ಳೆಯ ಪದವಿದೆ. ಊರೂರಿನ ಕ್ಷೌರದಂಗಡಿಗಳ ಮೇಲೆ ಕಾಣುವ ‘ಹ್ಯಾಂಡ್‌ಸಮ್’. ಅದರಲ್ಲಿ ಇರುವುದು ಹ್ಯಾಂಡ್, ಕೈ. ಮೊದಲು ಅದಕ್ಕೆ ಕೈಗೆ ಒಗ್ಗುವ, ಹಿಡಿಯಲು ಹದವಾದ ಎಂಬ ಅರ್ಥವಿತ್ತು. ಕುಡುಗೋಲಿನ ಹಿಡಿಗೆ, ಲಾಳಿಯ ನುಣುಪಿಗೆ ಹೇಳುವಂಥ ಮಾತು. ಆಮೇಲೆ ಹದವಾದದ್ದು ಒಪ್ಪವಾದದ್ದಾಯಿತು, ಒಪ್ಪವಾದದ್ದು ಹದಿನಾರನೇ ಶತಮಾನದ ಹೊತ್ತಿಗೆ ಚೆಲುವಾಯಿತು. ಕೆಲಸದ ಕೈಯಿಂದ ಹುಟ್ಟಿದ ಹೊಗಳಿಕೆ.

ಕೈಯಿಂದ, ಬುದ್ಧಿಯಿಂದ ಹುಟ್ಟಿದ ಇನ್ನೊಂದು ಜೋಡಿ ಇದೆ. ಇಡೀ ಹುಡುಕಾಟದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಅದು. ‘ಗ್ಲಾಮರ್’ ಎಂಬ ಪದ ‘ಗ್ರಾಮರ್’ನ ಮಗಳು. ಓದು ಕೆಲವರ ಸೊತ್ತಾಗಿದ್ದ ಕಾಲದಲ್ಲಿ ಯುರೋಪಿನ ಸಾಮಾನ್ಯ ಜನರಿಗೆ ವ್ಯಾಕರಣ ಓದಿದವನು ಮಾಟ ಬಲ್ಲವನಂತೆ ಕಾಣುತ್ತಿದ್ದ. ಹಾಗೆ ಗ್ರಾಮರ್ ಎಂದರೆ ಗೂಢವಿದ್ಯೆ ಎಂದಾಯಿತು. ಸ್ಕಾಟ್ಲೆಂಡಿನವರ ನಾಲಿಗೆಯಲ್ಲಿ ರಕಾರ ಲಕಾರವಾಗಿ, ಕಣ್ಕಟ್ಟು ಎಂಬ ಅರ್ಥ ಬಂತು. ವಾಲ್ಟರ್ ಸ್ಕಾಟ್ 1805ರ ತನ್ನ ಕಥನಕಾವ್ಯದಲ್ಲಿ ಅದನ್ನು ಬಳಸಿ ಊರಿಗೆಲ್ಲ ಪರಿಚಯಿಸಿದ. ಅಲ್ಲಿಂದ ಹಾಲಿವುಡ್, ಅಲ್ಲಿಂದ ನಮ್ಮ ಸಿನಿಮಾ ಪುರವಣಿ. ಈಗ ಕನ್ನಡದ ‘ಬಿನ್ನಾಣ’ ತೆಗೆದುಕೊಳ್ಳಿ. ಬಿನ್ನಾಣಗಿತ್ತಿ ಎಂದರೆ ಬೆಡಗಿನಿಂದ ಮರುಳುಮಾಡುವವಳು ಎಂದು ಈಗಿನ ಬಳಕೆ, ಸ್ವಲ್ಪ ಮೂಗು ಮುರಿದೇ ಆಡುವ ಮಾತು. ಅದು ‘ವಿಜ್ಞಾನ’ದ ತದ್ಭವ! ಹಳಗನ್ನಡದಲ್ಲಿ ಬಿನ್ನಾಣ ಎಂದರೆ ಕೌಶಲ, ಜಾಣ್ಮೆ. ಬಿನ್ನಾಣಿ ಎಂದರೆ ಕುಶಲಿ, ಕೈಗಾರಿಕೆ ಬಲ್ಲವನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಹುಡುಕುವವರಿಗೆ ಈ ಹಳೆಯ ಅರ್ಥ ಸಿಗುತ್ತದೆ. ಒಂದು ಭಾಷೆಯಲ್ಲಿ ವ್ಯಾಕರಣ, ಇನ್ನೊಂದರಲ್ಲಿ ವಿಜ್ಞಾನ. ಸಾವಿರಾರು ಮೈಲಿ ದೂರದಲ್ಲಿ, ಒಂದನ್ನೊಂದು ಕಾಣದೆ, ಎರಡೂ ವಿದ್ಯೆಯಿಂದ ಹೊರಟು ಬೆಡಗಿಗೆ ಬಂದು ತಲುಪಿದವು. ಕಂಡಿಕೆ ಸುತ್ತಿದ ದೊಡ್ಡಮ್ಮ, ಜಕಾರ್ಡ್ ಹಚ್ಚಿ ಸೆರಗಿಗೆ ನವಿಲು ತಂದ ದೊಡ್ಡಪ್ಪ ಇಬ್ಬರನ್ನೂ ಹಳೆಯ ಅರ್ಥದಲ್ಲಿ ಬಿನ್ನಾಣಿಗಳು ಎಂದು ಕರೆಯಲು ನನಗೆ ಆಸೆ.

ಕೊನೆಯದಾಗಿ ‘ಫ್ಯಾಸಿನೇಟಿಂಗ್’. ಮೋಡಿ ಮಾಡುವ ಎಂಬ ಒಳ್ಳೆಯ ಅರ್ಥದಲ್ಲಿ ಈಗ ಎಲ್ಲರೂ ಬಳಸುವ ಪದ. ಅದರ ಲ್ಯಾಟಿನ್ ಮೂಲದಲ್ಲಿ ಇರುವುದು ಕಣ್ಣುಹಾಕುವುದು, ಅಂದರೆ ದೃಷ್ಟಿ. ರೋಮನ್ನರು ಮಕ್ಕಳಿಗೆ ಕೆಟ್ಟ ಕಣ್ಣು ತಾಗದಿರಲೆಂದು ಕೊರಳಿಗೆ ತಾಯತ ಕಟ್ಟುತ್ತಿದ್ದರು. ನಾವು ಕೆನ್ನೆಗೆ ಕಾಡಿಗೆಯ ಬೊಟ್ಟಿಡುತ್ತೇವೆ. ಹೊಸಕೋಟೆಯ ದಾರಿಯಲ್ಲಿ ಕಟ್ಟುತ್ತಿರುವ ಮನೆಗಳ ಮುಂದೆ ಬೂದುಗುಂಬಳ ತೂಗುತ್ತದೆ, ಲಾರಿಗಳ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ. ಈ ನಂಬಿಕೆ ನಿಜವೋ ಸುಳ್ಳೋ ಎಂಬುದು ಬೇರೆ ಮಾತು. ಇದರಲ್ಲಿ ಏಟು ಬೀಳುವ ದಿಕ್ಕು ಮಾತ್ರ ತಿರುಗಿಬಿಟ್ಟಿದೆ. ಇಲ್ಲಿ ನೋಡುವ ಕಣ್ಣು ಹೊಡೆಯುತ್ತದೆ. ನೋಡಿಸಿಕೊಂಡ ಚೆಲುವು ಪೆಟ್ಟು ತಿನ್ನುತ್ತದೆ. ಕಾಪಾಡಬೇಕಾದದ್ದು ಅವಳನ್ನು. ಪರದೆಯ ಮೇಲಿನ ಪದ ನೋಡುವವರ ಪ್ರಾಣಕ್ಕೆ ಅಂಜುತ್ತಿತ್ತು. ದೊಡ್ಡಮ್ಮ ಅಂಜಿದ್ದು ಮೊಮ್ಮಗಳಿಗಾಗಿ.

ಆರತಕ್ಷತೆ ಮುಗಿದು ಜನ ಕರಗುವಾಗ ಹನ್ನೊಂದು ದಾಟಿತ್ತು. ಎಲ್‌ಇಡಿ ಪರದೆಯನ್ನು ಬಿಚ್ಚಿ ಟೆಂಪೋಗೆ ಏರಿಸುತ್ತಿದ್ದರು. ದೊಡ್ಡಮ್ಮ ಹುಡುಗಿಯನ್ನು ಅಡುಗೆಮನೆಯ ಹಿಂದಕ್ಕೆ ಕರೆಸಿಕೊಂಡರು. ರೇಷ್ಮೆ ಸೀರೆ ನೆಲಕ್ಕೆ ತಾಗದಂತೆ ನೆರಿಗೆ ಎತ್ತಿ ಹಿಡಿದು ಅವಳು ಮೂಡಲಿಗೆ ಮುಖಮಾಡಿ ನಿಂತಳು. ದೊಡ್ಡಮ್ಮ ಕಲ್ಲುಪ್ಪು, ಒಣಮೆಣಸಿನಕಾಯಿ, ನಾಲ್ಕು ಪೊರಕೆಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು, ಬಂದಿದ್ದವರ ಕಣ್ಣು, ಬಾರದಿದ್ದವರ ಕಣ್ಣು, ತನ್ನ ಕಣ್ಣು ಎಲ್ಲವನ್ನೂ ಎಣಿಸುತ್ತ ಮೂರು ಸುತ್ತು ನಿವಾಳಿಸಿ, ಸೌದೆ ಒಲೆಯಲ್ಲಿ ಇನ್ನೂ ಆರದಿದ್ದ ಕೆಂಡಕ್ಕೆ ಹಾಕಿದರು. ಉಪ್ಪು ಚಟಪಟ ಸಿಡಿಯಿತು. ನಾವೆಲ್ಲ ಕೆಮ್ಮಲು ಸಿದ್ಧರಾಗಿ ಮೂಗಿಗೆ ಕರವಸ್ತ್ರ ಹಿಡಿದು ನಿಂತೆವು. ಮೆಣಸಿನಕಾಯಿ ಕಪ್ಪಾಗಿ ಮುರುಟಿತು. ಯಾರಿಗೂ ಕೆಮ್ಮು ಬರಲಿಲ್ಲ.

‘ನೋಡ್ದಾ, ಘಾಟೇ ಇಲ್ಲ’ ಅಂದರು ದೊಡ್ಡಮ್ಮ ನನ್ನ ಕಡೆ ತಿರುಗಿ. ‘ಎಷ್ಟು ಕಣ್ಣು ಬಿದ್ದಿದ್ವೋ ಕೂಸಿನ್ ಮ್ಯಾಲೆ.’